ಥಾಮಸ್ ಮನ್ರೋ, ಹೆಕ್ಟರ್ ಮನ್ರೋ ಒಂದೇ ಮನೆಯವರಾ?

ಬಳ್ಳಾರಿಯವ:
ನಮ್ಮ ಕಡೆ ಮನ್ರೋ ಅಂದರೆ ಮೊದಲು ನೆನಪಾಗುವುದು ಮಂತ್ರಾಲಯ. ಮಠದ ಜಮೀನಿನ ವಿಚಾರಣೆಗೆ ಬಂದ ಕಲೆಕ್ಟರ್ ಜೊತೆ ರಾಯರು ಬೃಂದಾವನದಿಂದ ಎದ್ದುಬಂದು ಮಾತಾಡಿದರು, ಪಕ್ಕದಲ್ಲಿದ್ದವರಿಗೆ ಏನೂ ಕಾಣಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಈಗ ಟಿಪ್ಪುವಿನ ಆಟಿಕೆ ಹುಲಿ (ಬಿಳಿಯನೊಬ್ಬನ ಮೇಲೆ ಎರಗಿರುವ ಮರದ ಹುಲಿ) ಬಗ್ಗೆ ಓದುತ್ತಿದ್ದರೆ ಅಲ್ಲೂ ಹುಲಿಗೆ ಬಲಿಯಾದ ಒಬ್ಬ ಮನ್ರೋ, ಬಕ್ಸಾರ್ ಯುದ್ಧದಲ್ಲೂ ಮನ್ರೋ. ಎಲ್ಲಾ ಒಬ್ಬನೇನಾ, ಅಥವಾ ಅಣ್ಣತಮ್ಮಂದಿರಾ? ತಿಳಿದವರು ಬಿಡಿಸಿ ಹೇಳಿ.

ಹಳೇ ಕಡತ:
ಒಬ್ಬನಲ್ಲ, ಅಣ್ಣತಮ್ಮಂದಿರೂ ಅಲ್ಲ. ಮನ್ರೋ ಅನ್ನುವುದು ಸ್ಕಾಟ್ಲೆಂಡಿನ ಉತ್ತರದ ಒಂದು ದೊಡ್ಡ ಕುಲದ ಹೆಸರು. ಅವರ ಮೂಲ ಜಾಗ ಕ್ರೋಮಾರ್ಟಿ ಕೊಲ್ಲಿಯ ಪಕ್ಕದ ಫೌಲಿಸ್ ಕೋಟೆ. ಆ ಹೆಸರಿನವರು ಸಾವಿರಾರು ಜನ ಇದ್ದಾರೆ, ಎಲ್ಲರನ್ನೂ ಒಂದೇ ಮನೆಗೆ ಸೇರಿಸಲು ಆಗುವುದಿಲ್ಲ.

ಹೆಕ್ಟರ್ ಮನ್ರೋ ಅಲ್ಲೇ ಹತ್ತಿರದ ನೋವಾರ್‌ನವನು. 1764ರಲ್ಲಿ ಬಕ್ಸಾರ್ ಗೆದ್ದವನು ಇವನೇ. ಅದಕ್ಕೆ ಸ್ವಲ್ಪ ಮೊದಲು ದಂಗೆ ಎದ್ದ ಸಿಪಾಯಿಗಳನ್ನು ಫಿರಂಗಿ ಬಾಯಿಗೆ ಕಟ್ಟಿ ಉಡಾಯಿಸಿದವನೂ ಇವನೇ, ಅದನ್ನು ಮರೆಯಬಾರದು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ (Baillie) ಸೈನ್ಯವನ್ನು ಮುಗಿಸುವಾಗ ಇವನು ಕಂಚಿಯಲ್ಲೇ ಇದ್ದ. ಸಹಾಯಕ್ಕೆ ಹೋಗಿ ಸೇರಿಕೊಳ್ಳಲಿಲ್ಲ, ದೊಡ್ಡ ಫಿರಂಗಿಗಳನ್ನು ಕೆರೆಗೆ ಎಸೆದು ಮದ್ರಾಸಿನ ಕಡೆ ಓಡಿದ.

ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ, ಗ್ಲಾಸ್ಗೋದಲ್ಲಿ. ಅಪ್ಪ ವರ್ಜೀನಿಯಾದ ಜೊತೆ ತಂಬಾಕು ವ್ಯಾಪಾರ ಮಾಡುತ್ತಿದ್ದ, ಅಮೆರಿಕದ ಸ್ವಾತಂತ್ರ್ಯ ಯುದ್ಧ ಬಂದು ವ್ಯಾಪಾರ ಮುಳುಗಿತು. ಹಾಗಾಗಿ ಹುಡುಗ 1780ರಲ್ಲಿ ಮದ್ರಾಸಿಗೆ ಬಂದು ಕಂಪನಿ ಸೈನ್ಯ ಸೇರಿದ. ಮೊದಲ ವರ್ಷವೇ ಆ ಹೆಕ್ಟರ್ ಕೈಕೆಳಗೆ, ಕಂಚಿಯಿಂದ ಹಿಮ್ಮೆಟ್ಟಿದ ಅದೇ ಸೈನ್ಯದಲ್ಲಿ ಇದ್ದ. ಗೊಂದಲ ಹುಟ್ಟಲು ಇದೂ ಒಂದು ಕಾರಣ ಅನ್ನಿಸುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಜಿಲ್ಲೆ ನೋಡಿಕೊಂಡ, 1800ರಿಂದ 1807ರವರೆಗೆ ನಿಜಾಮ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪ ಸೀಮೆ. ಮಧ್ಯೆ ಜಮೀನ್ದಾರ ಬೇಡ, ರೈತನ ಜೊತೆಗೇ ನೇರ ಕಂದಾಯ ಅನ್ನುವ ರೈತವಾರಿ ಪದ್ಧತಿಯನ್ನು ಇಲ್ಲಿ ದೊಡ್ಡದಾಗಿ ನಡೆಸಿದ. ಆಮೇಲೆ ಮದ್ರಾಸಿನ ಗವರ್ನರ್. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತ. ನಿಮ್ಮ ಅಜ್ಜಿ ಹೇಳಿದ ಮನ್ರೋ ಇವನು.

ಹುಲಿ ತಿಂದದ್ದು ಹೆಕ್ಟರನ ಮಗನನ್ನು, 1792ರಲ್ಲಿ, ಬಂಗಾಳದ ಸಾಗರ ದ್ವೀಪದಲ್ಲಿ. ಆ ಸುದ್ದಿಯೇ ಟಿಪ್ಪುವಿನ ಆಟಿಕೆಗೆ ಪ್ರೇರಣೆ ಎಂದು ಹಲವರು ಹೇಳುತ್ತಾರೆ. ಆದರೆ ಹುಲಿ ಟಿಪ್ಪುವಿನ ಗುರುತಾಗಿದ್ದು ಅದಕ್ಕೂ ಮುಂಚೆಯೇ, ಅಲ್ವಾ?

ಗುಡ್ಡ ಹತ್ತುವವಳು:
ಚಾರಣದವರಿಗೆ ಮನ್ರೋ ಅಂದರೆ ಬೆಟ್ಟ! ಹ್ಯೂ ಮನ್ರೋ ಎಂಬಾತ 1891ರಲ್ಲಿ ಸ್ಕಾಟ್ಲೆಂಡಿನ 3000 ಅಡಿಗಿಂತ ಎತ್ತರದ ಶಿಖರಗಳ ಪಟ್ಟಿ ಮಾಡಿದ. ಈಗ ಆ ಪಟ್ಟಿಯಲ್ಲಿ 282 ಇವೆ, ಎಲ್ಲವನ್ನೂ ಹತ್ತಬೇಕೆಂದು ಜನ ವರ್ಷಗಟ್ಟಲೆ ಓಡಾಡುತ್ತಾರೆ. ಪಟ್ಟಿ ಮಾಡಿದವನಿಗೇ ಅದನ್ನು ಮುಗಿಸಲು ಆಗಲಿಲ್ಲ, 1919ರಲ್ಲಿ ತೀರಿಕೊಂಡ. ಹೆಕ್ಟರ್ ಮನ್ರೋ ಕೂಡ ಊರಿನ ಫೈರಿಶ್ ಗುಡ್ಡದ ಮೇಲೆ ನಾಗಪಟ್ಟಣದ ಕೋಟೆ ಬಾಗಿಲಿನ ಹಾಗೆ ಕಲ್ಲಿನ ಕಮಾನು ಕಟ್ಟಿಸಿದ್ದಾನೆ. ಊರಿನವರಿಗೆ ಕೂಲಿ ಸಿಗಲಿ ಅಂತ ಕಟ್ಟಿಸಿದ್ದಂತೆ.

ಒಣಭೂಮಿ ರೈತ:
ಥಾಮಸ್ ಮನ್ರೋನನ್ನು ದೇವರಂತೆ ಹೊಗಳುವವರಿಗೆ ಒಂದು ಮಾತು. ರೈತವಾರಿಯಲ್ಲಿ ಕಂದಾಯ ಜಾಸ್ತಿಯೇ ಇತ್ತು. ಮಳೆ ಕೈಕೊಟ್ಟ ವರ್ಷ ಕಟ್ಟುವುದು ಎಲ್ಲಿಂದ? ಕಾಲು ಭಾಗ ಇಳಿಸಿ ಎಂದು 1807ರಲ್ಲಿ ಅವನೇ ಬರೆದ, ಮೇಲಿನವರು ಆಗ ಒಪ್ಪಲಿಲ್ಲ. ಅವನು ರೈತನ ಹೊಲದವರೆಗೆ ಬಂದು ಕೂತು ಕೇಳಿದ, ಅದಕ್ಕೆ ನನಗೆ ಗೌರವ ಇದೆ. ಆದರೆ ಕೇಳಿದ್ದೂ ಕಂಪನಿಗೆ ಕಂದಾಯ ಬರಲಿ ಅಂತಲೇ.

ಬಳ್ಳಾರಿಯವ:
ತುಂಬಾ ಥ್ಯಾಂಕ್ಸ್. ಅಮೆರಿಕದ ಅಧ್ಯಕ್ಷ ಜೇಮ್ಸ್ ಮನ್ರೋ ಕೂಡ ಇದೇ ಕುಲದವನಾ?

ಹಳೇ ಕಡತ:
ಹೌದು. 17ನೇ ಶತಮಾನದಲ್ಲಿ ವರ್ಜೀನಿಯಾಕ್ಕೆ ಹೋದ ಆಂಡ್ರ್ಯೂ ಮನ್ರೋನ ಸಂತತಿ. ಎಡಿನ್‌ಬರೋದಲ್ಲಿ ಅಂಗರಚನೆ ಕಲಿಸಿದ ಅಲೆಕ್ಸಾಂಡರ್ ಮನ್ರೋಗಳನ್ನೂ ಹುಡುಕಿ ನೋಡಿ: ಅಪ್ಪ, ಮಗ, ಮೊಮ್ಮಗ, ಮೂವರಿಗೂ ಅದೇ ಹೆಸರು, 1720ರಿಂದ 1846ರವರೆಗೆ ಅದೇ ಪೀಠ.