ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿಣುಕುತ್ತದೆ: ಹಳೆಯ ಡೀಸೆಲ್ ಜೀಪಿಗೆ ಎಷ್ಟು ಪ್ರೆಶರ್ ಇರಬೇಕು?

ತೋಟದ_ಜೀಪು:

ನಮಸ್ಕಾರ. ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ 1980ರ ದಶಕದ, ನಾಲ್ಕು ಸಿಲಿಂಡರಿನ ಡೀಸೆಲ್ ಜೀಪೊಂದು ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು 60 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್, ಒತ್ತಡದ ಅಳತೆ) ದಾಟುತ್ತದೆ. ಶಿರಾಡಿ ಘಾಟಿ ಹತ್ತಿ ಬಂದು ನಿಲ್ಲಿಸಿದಾಗ ಮಾತ್ರ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವಾಗ) ಅದೇ ಮುಳ್ಳು ಸೊನ್ನೆಯ ಹತ್ತಿರಕ್ಕೆ ಇಳಿದು ಕೆಂಪು ದೀಪ ಮಿಣುಕತೊಡಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ದೀಪ ಆರುತ್ತದೆ. ಓಡುವಾಗ 35ರ ಆಸುಪಾಸು ತೋರಿಸುತ್ತದೆ. ಎಂಜಿನ್ನಿನಲ್ಲಿ ಬಡಿತದ ಸದ್ದೇನೂ ಇಲ್ಲ. ಈಗ ಇರುವುದು 15ಡಬ್ಲ್ಯು-40 ಆಯಿಲ್. ಒಬ್ಬ ಮೆಕ್ಯಾನಿಕ್ 20ಡಬ್ಲ್ಯು-40 ಹಾಕಿದರೆ ಸಾಕೆನ್ನುತ್ತಾರೆ, ಇನ್ನೊಬ್ಬರು ಹಾಫ್ ಎಂಜಿನ್ ಕೆಲಸವೇ (ಎಂಜಿನ್ ಬಿಚ್ಚಿ ಬೇರಿಂಗ್ ಮುಂತಾದವನ್ನು ಬದಲಿಸುವುದು) ಆಗಬೇಕೆನ್ನುತ್ತಾರೆ. ಖರ್ಚಿನಲ್ಲಿ ಇವೆರಡಕ್ಕೂ ಅಜಗಜಾಂತರ. ಸಹಜ ಪ್ರೆಶರ್ ಎಂದರೆ ಎಷ್ಟು, ತಪಾಸಣೆಯನ್ನು ಎಲ್ಲಿಂದ ಆರಂಭಿಸಬೇಕು ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಲೇತ್_ಮನೆ:

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಆಯಿಲ್ ಪಂಪು ಪ್ರೆಶರನ್ನು ತಯಾರಿಸುವುದಿಲ್ಲ, ಆಯಿಲನ್ನು ತಳ್ಳುತ್ತದೆ ಅಷ್ಟೆ. ಆ ಆಯಿಲು ಮೇನ್ ಬೇರಿಂಗ್ (ಕ್ರ್ಯಾಂಕ್ ಶಾಫ್ಟನ್ನು ಹಿಡಿದಿರುವುದು), ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನದು), ಕ್ಯಾಮ್ ಶಾಫ್ಟು ಮತ್ತು ರಾಕರ್ ಶಾಫ್ಟಿನ ಸಂದುಗಳಿಂದ ಹೊರಬೀಳಲು ಪಡುವ ಕಷ್ಟವೇ ಮೀಟರಿನಲ್ಲಿ ಪ್ರೆಶರ್ ಆಗಿ ಕಾಣುತ್ತದೆ. ಸಂದು ಹಿಗ್ಗಿದರೆ ಅಥವಾ ಆಯಿಲು ತೆಳುವಾದರೆ ಆ ಕಷ್ಟ ಕಡಿಮೆಯಾಗಿ ಮುಳ್ಳು ಇಳಿಯುತ್ತದೆ. ಬೇರಿಂಗಿನ ಸೋರಿಕೆ ಸಂದಿನ ಘನಕ್ಕೆ (ಮೂರನೆಯ ಘಾತಕ್ಕೆ) ಅನುಗುಣವಾಗಿ ಏರುವುದರಿಂದ, 0.05 ಮಿ.ಮೀ. ಇದ್ದ ಸಂದು 0.10 ಆದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ತಣ್ಣಗಿರುವಾಗ ಆಯಿಲು ಗಟ್ಟಿಯಾಗಿರುವುದರಿಂದ ಇದು ಮರೆಯಾಗಿರುತ್ತದೆ. ಹಾಗಾಗಿ ಬೆಳಿಗ್ಗೆ ಕಾಣುವ 60ನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಹೆಚ್ಚೆಂದರೆ ರಿಲೀಫ್ ವಾಲ್ವ್ (ಪ್ರೆಶರ್ ಮಿತಿಮೀರದಂತೆ ಆಯಿಲನ್ನು ಹೊರಬಿಡುವ ಕವಾಟ) ಎಲ್ಲಿ ತೆರೆದುಕೊಳ್ಳುತ್ತದೆ ಎಂಬುದನ್ನು ಹೇಳುತ್ತದೆ.

ಎಷ್ಟಿರಬೇಕು ಎಂಬುದಕ್ಕೆ 'ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ' ಎಂಬ ಹಳೆಯ ಲೆಕ್ಕವೊಂದು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಅದು ಅಂದಾಜೇ ಹೊರತು ನಿಯಮವಲ್ಲ. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ. ಜನರಲ್ ಮೋಟಾರ್ಸ್ ತನ್ನ ಎಲ್‌ಎಸ್ ಸರಣಿಯ ವಿ-8 ಎಂಜಿನ್ನುಗಳಿಗೆ ಬಿಸಿಯಲ್ಲಿ ಕನಿಷ್ಠ 1000 ಆರ್‌ಪಿಎಂಗೆ 6, 2000ಕ್ಕೆ 18, 4000ಕ್ಕೆ 24 ಪಿಎಸ್‌ಐ ಸಾಕೆಂದು ನಿಗದಿ ಮಾಡಿತ್ತು. ಬಿಸಿ ಐಡ್ಲಿಂಗ್‌ನಲ್ಲಿ 10-12 ಕಂಡರೆ ಎಂಜಿನ್ ಸತ್ತೇಹೋಯಿತು ಎಂದು ಹೆದರಬೇಕಾಗಿಲ್ಲ. ಆದರೆ ಎಚ್ಚರಿಕೆಯ ದೀಪದ ಸ್ವಿಚ್ಚು ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ ನಡುವೆ ಕೆಲಸ ಮಾಡುವಂಥದ್ದು. ಆದ್ದರಿಂದ ದೀಪ ನಿಜವನ್ನೇ ಹೇಳುತ್ತಿದ್ದರೆ ಸುಮ್ಮನಿರುವಂತೆಯೂ ಇಲ್ಲ.

ನಿಜ ಹೇಳುತ್ತಿದೆಯೇ ಎಂಬುದನ್ನು ತಿಳಿಯಲು, ಆ ಸ್ವಿಚ್ಚನ್ನು ಬಿಚ್ಚಿ ಅದೇ ತೂತಿಗೆ ಹೊಂದುವ ನಿಪ್ಪಲ್ ಹಾಕಿ ಮೆಕ್ಯಾನಿಕಲ್ ಗೇಜ್ ಕೂರಿಸಿ. ಮರೆಗಳು (ಸ್ಕ್ರೂ ಸುರುಳಿಗಳು) ಗಾಡಿಯಿಂದ ಗಾಡಿಗೆ ಬೇರೆಯಾಗಿರುವುದರಿಂದ ಹಳೆಯ ಸ್ವಿಚ್ಚನ್ನೇ ಅಂಗಡಿಗೆ ಒಯ್ದು ನಿಪ್ಪಲ್ ತನ್ನಿ. ಅರ್ಧ ಗಂಟೆ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, 2000 ಆರ್‌ಪಿಎಂನಲ್ಲಿ ಒಮ್ಮೆ, ಇನ್ನೂ ಮೇಲೆ ಒಮ್ಮೆ ಬರೆದುಕೊಳ್ಳಿ. ಗೇಜಿನ ಸಣ್ಣ ಪೈಪು ಬಿಟ್ಟುಕೊಂಡರೆ ಸುಡುವ ಆಯಿಲು ಮುಖಕ್ಕೆ ಹಾರುತ್ತದೆ, ಅದನ್ನು ಕ್ಯಾಬಿನ್ನಿನೊಳಕ್ಕೆ ಎಳೆಯಬೇಡಿ.

ಐಡ್ಲಿಂಗ್‌ನಲ್ಲಿ ಕಡಿಮೆಯಿದ್ದು ವೇಗದೊಡನೆ ಸಲೀಸಾಗಿ ಏರಿದರೆ ಬೇರಿಂಗ್ ಸವೆತ, ಪಂಪಿನ ಸವೆತ ಅಥವಾ ತೆಳುವಾದ ಆಯಿಲನ್ನು ಶಂಕಿಸಬೇಕು. ಎಷ್ಟು ಒತ್ತಿದರೂ ಏರದಿದ್ದರೆ ರಿಲೀಫ್ ವಾಲ್ವ್ ಕಸ ಸಿಕ್ಕಿಕೊಂಡು ತೆರೆದೇ ನಿಂತಿರಬಹುದು. ವೇಗ ಹೆಚ್ಚಿಸಿದಂತೆ ಇಳಿಯುವುದಾದರೆ ಚೇಂಬರಿನೊಳಗಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯೊಳಗಿನ) ಜಾಲರಿ ಕೆಸರಿನಿಂದ ಕಟ್ಟಿಕೊಂಡಿದೆ, ಇಲ್ಲವೇ ಹೀರುವ ಪೈಪಿನ ಜಾಯಿಂಟಿನಲ್ಲಿ ಗಾಳಿ ಎಳೆಯುತ್ತಿದೆ. ತಿರುವಿನಲ್ಲೋ ಏರಿನಲ್ಲೋ ಮಾತ್ರ ದೀಪ ಹತ್ತುವುದಾದರೆ ಆಯಿಲ್ ಮಟ್ಟ ನೋಡಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಫಿಲ್ಟರಿನ ಮೇಲೆ ಜನ ಬೇಗ ತಪ್ಪು ಹೊರಿಸುತ್ತಾರೆ. ಅದರಲ್ಲಿ ಬೈಪಾಸ್ ವಾಲ್ವ್ ಇರುವುದರಿಂದ ಕಟ್ಟಿಕೊಂಡ ಫಿಲ್ಟರ್ ಪ್ರೆಶರ್ ಬೀಳಿಸುವುದಕ್ಕಿಂತ ಕೊಳಕು ಆಯಿಲನ್ನು ಹಾಗೇ ಒಳಗೆ ಬಿಡುವುದೇ ಹೆಚ್ಚು.

ಇನ್ನು 20ಡಬ್ಲ್ಯು-40ರ ಸಲಹೆ. ಕೊನೆಯ 40 ಎಂಬುದೇ 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ದಪ್ಪವನ್ನು ಸೂಚಿಸುವುದು, ಮತ್ತು ಆ ವರ್ಗ ಎರಡಕ್ಕೂ ಒಂದೇ: 12.5ರಿಂದ 16.3 ಸೆಂಟಿಸ್ಟೋಕ್ಸ್ (ದ್ರವದ ದಪ್ಪದ ಅಳತೆ) ಒಳಗೆ. ಮುಂದಿನ 15 ಅಥವಾ 20 ಚಳಿಯಲ್ಲಿನ ನಡತೆಗೆ ಸೇರಿದ್ದು. ಬಿಸಿಯಲ್ಲಿ ಬರುವ ತೊಂದರೆಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. 50ರ ಆಯಿಲ್ ಹಾಕಿದರೆ ಮುಳ್ಳು ಏರುತ್ತದೆ, ಆದರೆ ಸವೆದ ಬೇರಿಂಗು ಸವೆದೇ ಇರುತ್ತದೆ.

ತಂತಿ_ಕೆಲಸ:

ಮೇಲಿನ ಉತ್ತರಕ್ಕೆ ಒಂದು ಸೇರ್ಪಡೆ. ಮೀಟರಿಗೆ ಪ್ರೆಶರಿನ ಸಂಕೇತ ಕಳಿಸುವ ಸೆಂಡರ್ ಎಂಜಿನ್ ಬಾಡಿಯ ಮೂಲಕವೇ ಅರ್ತ್ ಪಡೆಯುತ್ತದೆ. ಸೋರಿಕೆ ನಿಲ್ಲಲೆಂದು ಅದರ ಮರೆಗೆ ಟೆಫ್ಲಾನ್ ಟೇಪ್ ಧಾರಾಳವಾಗಿ ಸುತ್ತಿದ್ದರೆ ಅರ್ತ್ ಕೆಟ್ಟು ಮುಳ್ಳು ಸುಳ್ಳು ಹೇಳುತ್ತದೆ. ಆದರೆ ದೀಪದ ಸ್ವಿಚ್ಚಿನ ಅರ್ತ್ ಕೆಟ್ಟರೆ ದೀಪ ಹತ್ತುವುದೇ ಇಲ್ಲ. ನಿಮ್ಮಲ್ಲಿ ಮುಳ್ಳು ಇಳಿಯುವ ಹೊತ್ತಿಗೇ ದೀಪವೂ ಹತ್ತುತ್ತಿದೆ. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿರುವುದರಿಂದ ಇದು ವೈರಿಂಗ್ ದೋಷವಾಗಿರುವ ಸಂಭವ ಕಡಿಮೆ ಎಂದು ನನ್ನ ಅಭಿಪ್ರಾಯ. ಆದರೂ ಅಳೆಯದೆ ಎಂಜಿನ್ ಬಿಚ್ಚಿಸಬೇಡಿ.

ಬಿ_ಸರಣಿ:

ನನ್ನ ಅನುಭವ ಅಂಬಾಸಿಡರಿನದು. ಅದರ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸರಣಿಗೆ ಸೇರಿದ್ದು. ಅದೇ ಸರಣಿಯ 1798 ಸಿಸಿ ಎಂಜಿನ್ ಇದ್ದ ಎಂಜಿಬಿ ಕಾರಿನ ಮ್ಯಾನ್ಯುಯಲ್ಲು ಓಡುವಾಗ 50ರಿಂದ 80, ಐಡ್ಲಿಂಗ್‌ನಲ್ಲಿ 10ರಿಂದ 25 ಪಿಎಸ್‌ಐ ಎನ್ನುತ್ತದೆ. ಅಂತರ ಎಷ್ಟು ದೊಡ್ಡದೆಂದು ಗಮನಿಸಿ.

ನಿಮ್ಮ ಬರಹದಲ್ಲಿ ಒಂದು ವಿಷಯ ಕಾಣಲಿಲ್ಲ: ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಎಲ್ಲಿದೆ, ಆಯಿಲಿಗೆ ಡೀಸೆಲ್ ವಾಸನೆ ಇದೆಯೇ? ಬಡಿತವಿಲ್ಲದೆ ಬಿಸಿಯಲ್ಲಿ ಮಾತ್ರ ಪ್ರೆಶರ್ ಬೀಳುವ ಹಳೆಯ ಡೀಸೆಲ್ ಗಾಡಿಗಳಲ್ಲಿ ನಾನು ಮೊದಲು ಮೂಸಿ ನೋಡುವುದು ಅದನ್ನೇ, ಏಕೆಂದರೆ ಡೀಸೆಲ್ ಸೇರಿದರೆ ಆಯಿಲು ತೆಳುವಾಗುತ್ತದೆ. ಆಯಿಲು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಅದು ಹೆಡ್ ಗ್ಯಾಸ್ಕೆಟ್ಟಿನ ಕಡೆಗೆ ಬೆರಳು ತೋರಿಸುವ ಬೇರೆಯೇ ಕಥೆ.

ತೋಟದ_ಜೀಪು:

ಎಲ್ಲರಿಗೂ ಧನ್ಯವಾದಗಳು. ಮೆಕ್ಯಾನಿಕಲ್ ಗೇಜ್ ಹಾಕಿಸಿ ನೋಡಿದೆ. ಘಾಟಿ ಹತ್ತಿ ಬಂದ ಕೂಡಲೇ ಐಡ್ಲಿಂಗ್‌ನಲ್ಲಿ 6 ಪಿಎಸ್‌ಐ, 2000ದಲ್ಲಿ 34, ಅದರ ಮೇಲೂ ನಿಧಾನವಾಗಿ ಏರುತ್ತದೆ. ಎಂಜಿನ್ನಿನ ಪುಲ್ಲಿಗೆ (ಬೆಲ್ಟ್ ಚಕ್ರಕ್ಕೆ) ಪಟ್ಟಿ ಅಂಟಿಸಿ ಅಳೆದಾಗ ಐಡ್ಲಿಂಗ್ ವೇಗ 600 ಆರ್‌ಪಿಎಂ ಕೂಡ ಇರಲಿಲ್ಲ. ಬಿ_ಸರಣಿಯವರು ಹೇಳಿದ್ದು ನಿಜ: ಮಟ್ಟ ಮೇಲಿನ ಗೆರೆಯನ್ನು ದಾಟಿದೆ, ಆಯಿಲು ನೀರಿನಂತೆ ತೊಟ್ಟಿಕ್ಕುತ್ತದೆ, ಡೀಸೆಲ್ ವಾಸನೆ ಸ್ಪಷ್ಟವಾಗಿದೆ. ಹಾಲಿನ ಬಣ್ಣವಿಲ್ಲ.

ಲೇತ್_ಮನೆ:

ಹಾಗಾದರೆ ಹಾಫ್ ಎಂಜಿನ್ ಮಾತನ್ನು ಸದ್ಯಕ್ಕೆ ಬದಿಗಿಡಿ, ಗಾಡಿಯನ್ನೂ ಓಡಿಸಬೇಡಿ. ಮಟ್ಟ ಮೀರಿದ ಡೀಸೆಲ್ ಎಂಜಿನ್ ಬ್ರೀದರ್ (ಒಳಗಿನ ಆವಿ ಹೊರಹೋಗುವ ಕೊಳವೆ) ಮೂಲಕ ತನ್ನ ಆಯಿಲನ್ನೇ ಹೀರಿಕೊಂಡು ಉರಿಸತೊಡಗಿದರೆ, ಕೀಲಿ ತೆಗೆದರೂ ನಿಲ್ಲದೆ ವೇಗ ಏರಿಸಿಕೊಂಡು ಹೋಗಬಲ್ಲದು.

ನಿಮ್ಮ ಗಾಡಿಯ ಫೀಡ್ ಪಂಪು (ಟ್ಯಾಂಕಿನಿಂದ ಡೀಸೆಲ್ ಎಳೆಯುವುದು) ಎಂಜಿನ್ ಬ್ಲಾಕಿಗೆ ಕೂರಿಸಿ ಕ್ಯಾಮ್ ಶಾಫ್ಟಿನಿಂದ ನಡೆಯುವ ಬಗೆಯದಾಗಿದ್ದರೆ ಮೊದಲು ಅದನ್ನು ಬಿಚ್ಚಿ ಡಯಾಫ್ರಮ್ ನೋಡಿ. ಅದು ಹರಿದರೆ ಡೀಸೆಲ್ ನೇರವಾಗಿ ಚೇಂಬರಿಗೆ ಇಳಿಯುತ್ತದೆ. ಅದು ಸರಿಯಿದ್ದರೆ ಇಂಜೆಕ್ಷನ್ ಪಂಪಿನ ಶಾಫ್ಟ್ ಸೀಲು, ಆಮೇಲೆ ತೊಟ್ಟಿಕ್ಕುವ ಇಂಜೆಕ್ಟರುಗಳು. ಮೂಲ ಸರಿಪಡಿಸದೆ ಹೊಸ ಆಯಿಲ್ ಹಾಕಿದರೆ ಅದೂ ಕೆಡುತ್ತದೆ. ಸರಿಪಡಿಸಿದ ಮೇಲೆ ಅದೇ 15ಡಬ್ಲ್ಯು-40 ಮತ್ತು ಹೊಸ ಫಿಲ್ಟರ್ ಹಾಕಿ, ಐಡ್ಲಿಂಗ್ ವೇಗವನ್ನು ಮ್ಯಾನ್ಯುಯಲ್ ಹೇಳುವಲ್ಲಿಗೆ ಏರಿಸಿ, ಅದೇ ಘಾಟಿ ಹತ್ತಿ ಮತ್ತೆ ಅಳೆಯಿರಿ.

ಆಗ ಐಡ್ಲಿಂಗ್‌ನಲ್ಲಿ 10 ಪಿಎಸ್‌ಐ ದಾಟಿದರೆ ನಿಶ್ಚಿಂತೆಯಿಂದ ಓಡಿಸಿ. ದಾಟದಿದ್ದರೆ ಮೊದಲು ರಿಲೀಫ್ ವಾಲ್ವಿನ ಸ್ಪ್ರಿಂಗು, ಬಳಿಕ ಚೇಂಬರ್ ಇಳಿಸಿ ಜಾಲರಿ, ಪಂಪು, ಬಿಗ್ ಎಂಡ್ ಶೆಲ್ಲುಗಳು (ಬೇರಿಂಗಿನ ಬದಲಿಸಬಹುದಾದ ಪದರಗಳು). ತೆಳುವಾದ ಆಯಿಲಿನಲ್ಲಿ ಓಡಿದ ಎಂಜಿನ್ನಾದ್ದರಿಂದ ಶೆಲ್ಲುಗಳ ಮೇಲ್ಪದರ ಸವೆದು ತಾಮ್ರದ ಬಣ್ಣ ಕಂಡರೆ ಆಶ್ಚರ್ಯವಿಲ್ಲ. ಹಾಗಾದಲ್ಲಿ ಕ್ರ್ಯಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆಸಿ, ಅಂಡಾಕಾರವಾಗಿದ್ದರೆ ಗ್ರೈಂಡ್ ಮಾಡಿಸಿ 0.25 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕಿಸಬೇಕಾಗುತ್ತದೆ. ಬೇರಿಂಗಿನ ಕ್ಯಾಪನ್ನು ಅರದಿಂದ ಉಜ್ಜಿ ಸಂದು ಕಡಿಮೆ ಮಾಡಿಕೊಡುತ್ತೇನೆ ಎನ್ನುವವರು ಇಂದಿಗೂ ಇದ್ದಾರೆ; ಅವರ ಕೈಗೆ ಮಾತ್ರ ಗಾಡಿ ಕೊಡಬೇಡಿ.