ಆಟಿಸಂ ಇರುವ ಮಗುವಿಗೆ ಮನೆಯ ನಾಯಿಯನ್ನೇ ಸೇವಾ ನಾಯಿಯಾಗಿ ಪಳಗಿಸಬಹುದೇ?

ಪ್ರಶ್ನೆ

ನನ್ನ ಏಳು ವರ್ಷದ ಮಗನಿಗೆ ಆಟಿಸಂ ಇದೆ. ರಸ್ತೆಯಲ್ಲಿ ಹಾರ್ನ್ ಸದ್ದು ಕೇಳಿದೊಡನೆ ಕೈ ಕೊಸರಿಕೊಂಡು ಓಡಿಬಿಡುತ್ತಾನೆ. ಎದುರಿಗೆ ಬರುವ ವಾಹನದ ಪರಿವೆಯೇ ಇರುವುದಿಲ್ಲ. ಮನೆಯಲ್ಲಿರುವ ಮೂರು ವರ್ಷದ ಲ್ಯಾಬ್ರಡಾರ್ ಅವನೊಡನೆ ಚೆನ್ನಾಗಿ ಹೊಂದಿಕೊಂಡಿದೆ. ಅದನ್ನೇ ಸೇವಾ ನಾಯಿಯಾಗಿ, ಅಂದರೆ ಇಂಥ ಮಗುವಿಗೆ ನೆರವಾಗುವ ನಾಯಿಯಾಗಿ, ತರಬೇತಿ ಕೊಡಿಸಿ ಪಳಗಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ನಾಯಿ ತರಬೇತುದಾರ)

ಹೊಂದಿಕೊಂಡಿರುವುದು ಒಳ್ಳೆಯದೇ, ಆದರೆ ಅಷ್ಟೇ ಸಾಲದು. ತರಬೇತಿ ಸಂಸ್ಥೆಗಳು ಸಾಮಾನ್ಯವಾಗಿ ಎಂಟು ವಾರದ ಮರಿಯನ್ನು ಒಂದು ಕುಟುಂಬದ ವಶಕ್ಕೆ ಕೊಟ್ಟು, ವರ್ಷಕ್ಕೂ ಹೆಚ್ಚು ಕಾಲ ಜನಜಂಗುಳಿ, ಬಸ್ಸು, ಲಿಫ್ಟ್ ಎಲ್ಲವನ್ನೂ ರೂಢಿ ಮಾಡಿಸಿ, ಆಮೇಲೆ ತಿಂಗಳುಗಟ್ಟಲೆ ವಿಶೇಷ ತರಬೇತಿ ನೀಡುತ್ತವೆ. ಅಷ್ಟಾದ ಮೇಲೂ ಬೆಚ್ಚುವ ಸ್ವಭಾವ ಅಥವಾ ಕೀಲಿನ ತೊಂದರೆಯ ಕಾರಣಕ್ಕೆ ಹಲವು ನಾಯಿಗಳನ್ನು ಕೈಬಿಡಬೇಕಾಗುತ್ತದೆ. ಆದ್ದರಿಂದ ಮೊದಲು ನಿಮ್ಮ ನಾಯಿಯ ಸ್ವಭಾವವನ್ನೂ ಸೊಂಟದ ಕೀಲುಗಳನ್ನೂ ಪರೀಕ್ಷೆ ಮಾಡಿಸಿ.

ಓಡುವ ಮಕ್ಕಳಿಗಾಗಿ ಕೆಲವು ಸಂಸ್ಥೆಗಳು ಮಗುವಿನ ಸೊಂಟಪಟ್ಟಿಯನ್ನು ನಾಯಿಯ ಮೈಪಟ್ಟಿಗೆ ಹಗ್ಗದಿಂದ ಜೋಡಿಸುತ್ತವೆ. ಮಗು ಜಗ್ಗಿದೊಡನೆ ನಾಯಿ ಕಾಲೂರಿ ನಿಲ್ಲುತ್ತದೆ ಅಥವಾ ನೆಲಕ್ಕೆ ಮಲಗಿಬಿಡುತ್ತದೆ. ಆ ಎರಡು ಕ್ಷಣಗಳಲ್ಲಿ ನೀವು ಮಗುವನ್ನು ಹಿಡಿದುಕೊಳ್ಳಬಹುದು. ಆದರೆ ಬಾರು ಸದಾ ದೊಡ್ಡವರ ಕೈಯಲ್ಲಿರಬೇಕು, ಆಜ್ಞೆ ಕೊಡುವವರೂ ಅವರೇ ಆಗಿರಬೇಕು. ನಾಯಿಯ ಮೇಲೆ ಮಗುವಿನ ಭಾರ ಹಾಕಿ ನೀವು ದೂರ ನಿಲ್ಲುವಂತಿಲ್ಲ. ಹೀಗಾಗಿ ತರಬೇತಿ ನಾಯಿಗಿಂತ ನಿಮಗೇ ಹೆಚ್ಚು ಬೇಕಾಗುತ್ತದೆ ಎಂದು ನಾನು ತಂದೆತಾಯಂದಿರಿಗೆ ಹೇಳುತ್ತೇನೆ.

ಉತ್ತರ 2 (ವಿಶೇಷ ಶಿಕ್ಷಕಿ)

ಓಟವನ್ನು ತಡೆಯುವುದಷ್ಟೇ ಇದರ ಪ್ರಯೋಜನವಲ್ಲ. ಕೆನಡಾದಲ್ಲಿ 42 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳಗ್ಗೆ ಎಚ್ಚರವಾದ ಮೇಲೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಶೇ. 58ರಷ್ಟು ಏರುತ್ತಿದ್ದುದು, ನಾಯಿ ಮನೆಗೆ ಬಂದ ಮೇಲೆ ಶೇ. 10ಕ್ಕೆ ಇಳಿದಿತ್ತು, ನಾಯಿಯನ್ನು ದೂರವಿಟ್ಟಾಗ ಅದು ಮತ್ತೆ ಶೇ. 48 ಆಯಿತು. ಮಗು ಕಿರುಚಾಡಿ ಕುಸಿದಾಗ ತೊಡೆಯ ಮೇಲೆ ತಲೆ ಮತ್ತು ಎದೆಯ ಭಾರವನ್ನಿಟ್ಟು ಮಲಗುವುದನ್ನೂ ಇಂಥ ನಾಯಿಗಳಿಗೆ ಕಲಿಸುತ್ತಾರೆ. ಆ ಒತ್ತಡ ಅನೇಕ ಮಕ್ಕಳಿಗೆ ಹಿತವಾಗುತ್ತದೆ, ಎಲ್ಲರಿಗೂ ಅಲ್ಲ. ನಿಮ್ಮ ಮಗ ಬೊಗಳುವ ಸದ್ದನ್ನೂ ಒದ್ದೆ ನಾಲಿಗೆಯನ್ನೂ ಸಹಿಸುತ್ತಾನೆಯೇ?

ಉತ್ತರ 3 (ಸೇವಾ ನಾಯಿಯಿರುವ ಕುಟುಂಬದ ತಂದೆ)

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ: ನಾಯಿಗೂ ಬಿಡುವು ಬೇಕು. ಮೈಪಟ್ಟಿ ಕಳಚಿದ ಮೇಲೆ ಅದು ಓಡಾಡಲಿ, ಆಡಲಿ, ಯಾರೂ ತಟ್ಟಿ ಎಬ್ಬಿಸದ ಜಾಗದಲ್ಲಿ ನಿದ್ದೆ ಮಾಡಲಿ. ನಮ್ಮ ಮಗಳು ಬಾಲ ಎಳೆದಾಗ ನಾಯಿ ಎದ್ದುಹೋಗುವುದನ್ನು ನಾವು ಎಂದೂ ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಬೊಗಳಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ, ಆದರೆ ನಾಯಿಯ ಪಕ್ಕದಿಂದ ಏಳುವುದಿಲ್ಲ. ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ. ಎಲ್ಲರಿಗೂ ಧನ್ಯವಾದಗಳು.