55 ಕೆಜಿ ಕಳಚಿದರೂ ಇಳಿದಿದ್ದು ಬರೀ 10 ಕೆಜಿ! ಉಳಿದ ತೂಕ ಎಲ್ಲಿಗೆ ಹೋಯ್ತು?

ಕೋಡಿಬಾಗ_ರೈಡರ್ (ಕಾರವಾರ)
ತಲೆ ಕೆಟ್ಟು ಹೋಗಿದೆ. ಬಾಕ್ಸ್‌ಸ್ಟರ್ (ಪೋರ್ಷೆಯ ಎರಡು ಸೀಟಿನ, ಬಟ್ಟೆ ಟಾಪಿನ ಕಾರು) ಹಗುರ ಮಾಡೋ ಕೆಲಸಕ್ಕೆ ಕೈ ಹಾಕಿದ್ದೆ. ಕಳಚಿದ ಸಾಮಾನು, ಹಾಕಿದ ಸಾಮಾನು ಎರಡನ್ನೂ ಮೀನು ತೂಗೋ ಕೊಕ್ಕೆ ತಕ್ಕಡಿಗೆ ಹಾಕಿ ಬರೆದಿಟ್ಟಿದ್ದೇನೆ. ಲಿಥಿಯಂ ಬ್ಯಾಟರಿಯಿಂದ 10 ಕೆಜಿ ಉಳಿತಾಯ. ಎರಡು ಬಕೆಟ್ ಸೀಟಿನಿಂದ (ರೇಸ್ ಕಾರಿನ ಥರದ ಹಗುರ ಸೀಟು) 22. ಸೈಲೆನ್ಸರ್ 9. ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಸೇರಿ 8. ಚಿಲ್ಲರೆ ಸಾಮಾನು 6. ಒಟ್ಟು 55.

ಕೆಲಸಕ್ಕೆ ಮೊದಲು ವೇ ಬ್ರಿಡ್ಜ್ (ಲಾರಿ ತೂಗೋ ಕಾಟಾ) ಚೀಟಿ: 1290. ಕೆಲಸ ಆದಮೇಲೆ: 1280.

ದುಡ್ಡು ನೀರಿನ ಹಾಗೆ ಹೋಗಿದೆ. ಗೊತ್ತಿದ್ದವರು ಹೇಳಿ. "ನೀವೇ ಸ್ವಲ್ಪ ತೆಳ್ಳಗಾಗಿ" ಅನ್ನೋ ಜೋಕ್ ಬೇಡ, ಮನೆಯಲ್ಲಿ ದಿನಾ ಕೇಳ್ತಿದ್ದೇನೆ.

ಲೋಡ್‌ಸೆಲ್_ಅಂಕೋಲಾ
ಇದರಲ್ಲಿ ತಲೆ ಕೆಡಿಸ್ಕೊಳ್ಳೋದು ಏನೂ ಇಲ್ಲ ಸರ್. ವೇ ಬ್ರಿಡ್ಜ್ ತಪ್ಪು. ಅದು ಚಿರೆಕಲ್ಲು ಲಾರಿ ತೂಗೋಕೆ ಇರೋದು, ಬಾಕ್ಸ್‌ಸ್ಟರ್ ತೂಗೋಕಲ್ಲ. ಅಂಥ ಕಾಟಾದಲ್ಲಿ ಅಂಕಿ 10 ಅಥವಾ 20 ಕೆಜಿಯ ಮೆಟ್ಟಿಲಲ್ಲೇ ಬದಲಾಗೋದು. 1284 ಇದ್ದರೂ 1280 ಅಂತಲೇ ತೋರಿಸುತ್ತೆ. ಮಳೆಗಾಲದಲ್ಲಿ ಪ್ಲಾಟ್‌ಫಾರ್ಮ್ ಸಂದಿಗೆ ಕೆಸರು, ಜಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಕೇಳೋದೇ ಬೇಡ.

ಎಂಟುನೂರು_ಶಿರಸಿ
ಯಾವ ಬಾಕ್ಸ್‌ಸ್ಟರ್ ಮಾರಾಯ್ರೆ? ಅದನ್ನ ಹೇಳದೆ ಲೆಕ್ಕ ಹೇಗೆ ಹಾಕೋದು?

ಇನ್ನು ತೂಕದ ಮಾತು ಬಂತಲ್ಲ, ನನ್ನ ಮಾರುತಿ 800 ಫ್ಯಾಕ್ಟರಿಯಿಂದ ಬರುವಾಗಲೇ ಸುಮಾರು 650 ಕೆಜಿ. ಹಿಂದಿನ ಸೀಟು, ಮ್ಯಾಟು, ಡೋರ್ ಪ್ಯಾಡ್ ಎಲ್ಲ ಕಿತ್ತು ಅಟ್ಟಕ್ಕೆ ಹಾಕಿದ್ದೇನೆ. ದೇವಿಮನೆ ಘಟ್ಟದ ತಿರುವಿನಲ್ಲಿ ಬ್ರೇಕ್ ಮುಟ್ಟೋದೇ ಬೇಡ. ಫೋಟೋ ಬೇಕಾದ್ರೆ ಹಾಕ್ತೇನೆ.

ಕೋಡಿಬಾಗ_ರೈಡರ್
2006ರ 2.7 ಲೀಟರ್ ಎಂಜಿನ್, ಮ್ಯಾನುವಲ್ ಗೇರ್. ಕಂಪನಿ ಪುಸ್ತಕದಲ್ಲಿ 1295 ಅಂತಿದೆ. ನನ್ನ ಮೊದಲ ಚೀಟಿ 1290. ಅಂದರೆ ಕಾಟಾ ಸರಿಯಾಗೇ ಇದೆ ಅಲ್ವಾ? ಎರಡು ಸಲವೂ ಅದೇ ಕಾಟಾ. ಎರಡು ಸಲವೂ ನಾನು ಕೆಳಗೆ ಇಳಿದು ನಿಂತಿದ್ದೆ.

ಎಂಟುನೂರು_ಶಿರಸಿ
(ಫೋಟೋ: ಎಂಜಿನ್ ಬೇ, ಕಾರ್ಬ್ಯುರೇಟರ್, ಪಕ್ಕದಲ್ಲಿ ಒಣ ಹಾಕಿದ ಅಡಿಕೆ)

ಲೋಡ್‌ಸೆಲ್_ಅಂಕೋಲಾ
ಅದೇ ಕಾಟಾ ಆದರೂ ಸೊನ್ನೆ ಮಾಡಿದ್ದಾರಾ ಇಲ್ವಾ ಅಂತ ನೋಡಿದ್ರಾ? ಗಾಡಿ ಹತ್ತೋ ಮೊದಲು ಡಿಸ್‌ಪ್ಲೇಯಲ್ಲಿ ಸೊನ್ನೆ ಇರಬೇಕು. ನಿಮಗಿಂತ ಮೊದಲು ಹತ್ತಿದ ಲಾರಿ ಬಿಟ್ಟು ಹೋದ ಮಣ್ಣೇ 30 ಕೆಜಿ ಇರುತ್ತೆ. 50 ಕೆಜಿಯ ಎರಡು ಸಿಮೆಂಟ್ ಚೀಲ ತಗೊಂಡು ಹೋಗಿ. ಮೊದಲು ಗಾಡಿ ಮಾತ್ರ, ಆಮೇಲೆ ಚೀಲ ಪ್ಲಾಟ್‌ಫಾರ್ಮ್ ಮೇಲೆ. ಸರಿಯಾಗಿ 100 ಏರಿದರೆ ನಾನು ಸುಮ್ನಾಗ್ತೇನೆ.

ನಿಯಮ_ಕುಮಟಾ
ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮೆ ಇರಲಿ. ಸೀಟು, ಸೈಲೆನ್ಸರ್ ಬದಲಿಸೋದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಬರುತ್ತೆ. ಆರ್‌ಸಿಯಲ್ಲಿ, ಕಂಪನಿ ದಾಖಲೆಯಲ್ಲಿ ಇರೋದಕ್ಕಿಂತ ಗಾಡಿ ಬೇರೆ ಆಗೋ ಹಾಗಿಲ್ಲ. ಇನ್ಶೂರೆನ್ಸ್‌ನವರಿಗೂ ಒಂದು ನೆಪ ಸಿಕ್ಕ ಹಾಗೆ.

ಎಂಟುನೂರು_ಶಿರಸಿ
ಬಂದ್ರು ನೋಡಿ. ತೂಕದ ಪ್ರಶ್ನೆಗೆ ಕಾಯ್ದೆಯ ಉತ್ತರ.

ನಿಯಮ_ಕುಮಟಾ
ಹಿಂದಿನ ಸೀಟು ಅಟ್ಟದಲ್ಲಿ ಇಟ್ಟು ನಾಲ್ಕು ಸೀಟಿನ ಆರ್‌ಸಿ ಇಟ್ಕೊಂಡವರು ಮಾತಾಡಬಾರದು.

ಹೊನ್ನಾವರ_ಟಾಪ್‌ಡೌನ್
ಜಗಳ ಆಮೇಲೆ ಆಡಿ. ರೈಡರ್, ಒಂದು ವಿಷಯ. ಆ 1295 ಬರೀ ಕಬ್ಬಿಣದ ತೂಕ ಅಲ್ಲ. ಅದು ಡಿನ್ (ಜರ್ಮನ್ ಮಾನದಂಡ) ಲೆಕ್ಕ: ಚಾಲಕ ಇಲ್ಲ, ಆದರೆ ಆಯಿಲ್, ಕೂಲಂಟ್ ಎಲ್ಲ ಇದೆ, ಟ್ಯಾಂಕ್ ನೂರಕ್ಕೆ 90 ಭಾಗ ತುಂಬಿದೆ. ಯುರೋಪಿನ ಇನ್ನೊಂದು ಲೆಕ್ಕದಲ್ಲಿ ಚಾಲಕ, ಬ್ಯಾಗು ಅಂತ 75 ಕೆಜಿ ಸೇರಿಸ್ತಾರೆ. ಒಂದೇ ಕಾರಿಗೆ ಪುಸ್ತಕದಲ್ಲಿ ಎರಡು ತೂಕ ಇರೋದು ಇದಕ್ಕೇ. ಹಾಗಾಗಿ ನಿಮ್ಮ 1290 ಪುಸ್ತಕಕ್ಕೆ ಹತ್ತಿರ ಬಂತು ಅಂದ ಮಾತ್ರಕ್ಕೆ ಏನೂ ತಿಳಿಯಲ್ಲ. ಆವತ್ತು ಟ್ಯಾಂಕ್ ಎಷ್ಟಿತ್ತು?

ಕೋಡಿಬಾಗ_ರೈಡರ್
ಟ್ಯಾಂಕ್ ಯಾರು ನೋಡ್ತಾರೆ ಸರ್. ಇದ್ದಷ್ಟು ಇತ್ತು.

ಸಿಮೆಂಟ್ ಚೀಲ ಇಟ್ಟು ನೋಡಿ ಬಂದೆ. ಕಾಟಾದ ಹುಡುಗ ನಕ್ಕ. ಸರಿಯಾಗಿ 100 ಏರಿತು. ಸೊನ್ನೆಯೂ ಸರಿ ಇತ್ತು. ಕಾಟಾದ ಮಾತು ಇನ್ನು ಬಿಡಿ.

ಇನ್ನೊಂದು ತಲೆನೋವು: ಬೆಳಿಗ್ಗೆ ಗಾಜಿನ ಒಳಗಡೆ ಮಂಜು ಕಟ್ಟುತ್ತೆ, ಎಸಿ ಹಾಕಿದರೂ ಬೇಗ ಹೋಗಲ್ಲ. ಮಳೆಗಾಲ ಅಲ್ವಾ, ಇರಲಿ.

ಲೋಡ್‌ಸೆಲ್_ಅಂಕೋಲಾ
ಚೀಲ ಎಲ್ಲಿ ಇಟ್ರಿ? ನಡುವೆ ಇಟ್ಟರೆ ಆಗಲ್ಲ. ಒಂದು ಮೂಲೆಯ ಲೋಡ್ ಸೆಲ್ (ತೂಕ ಅಳೆಯೋ ಸೆನ್ಸರ್) ಮಾತ್ರ ಕೆಟ್ಟಿರಬಹುದು. ನಾಲ್ಕೂ ಮೂಲೆಗೆ ಇಟ್ಟು ನೋಡಬೇಕು. ಕಾನೂನು ಮಾಪನ ಇಲಾಖೆಯವರು ಸೀಲ್ ಹಾಕುವಾಗ ಹಾಗೇ ಮಾಡೋದು.

ಸದಾಶಿವಗಡ_66
ಲೋಡ್‌ಸೆಲ್ ಅಣ್ಣ, ಸ್ವಲ್ಪ ತಡೀರಿ. ರೈಡರ್, ಸೀಟು ಎಲ್ಲಿ ಹಾಕಿಸಿದ್ರಿ?

ಕೋಡಿಬಾಗ_ರೈಡರ್
ಮಡಗಾಂವ್ ಕಡೆ ಒಂದು ಗ್ಯಾರೇಜು. ಬ್ಯಾಟರಿ, ಸೈಲೆನ್ಸರ್ ಕೂಡ ಅಲ್ಲೇ. ವಾಪಸ್ ಬರ್ತಾ ಸೀದಾ ಕಾಟಾಕ್ಕೆ ಹೋದೆ. ಯಾಕೆ?

ಸದಾಶಿವಗಡ_66
ಗೋವಾದಿಂದ ಬರ್ತಾ ಪೋಳೆಂನಲ್ಲಿ ಪೆಟ್ರೋಲ್ ಹಾಕಿಸದೆ ಮಾಜಾಳಿ ದಾಟಿದ ಕಾರವಾರದವ ಇದ್ದಾನಾ? ಅಲ್ಲಿ ಲೀಟರಿಗೆ ನಮಗಿಂತ ಕಡಿಮೆ ಅಂತ ಮೀನಿನ ಟೆಂಪೋದವನೂ ಕಾಯ್ತಾನೆ. ಫುಲ್ ಟ್ಯಾಂಕ್ ತಾನೇ?

ಕೋಡಿಬಾಗ_ರೈಡರ್
ಫುಲ್ಲೇ. ಅದರಲ್ಲೇನಿದೆ? ಎಲ್ಲರೂ ಹಾಕಿಸ್ತಾರೆ.

ಸದಾಶಿವಗಡ_66
ಅದರಲ್ಲೇ ಇರೋದು. ನಿಮ್ಮ ಟ್ಯಾಂಕ್ 64 ಲೀಟರ್. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆಜಿ. ಫುಲ್ ಅಂದರೆ 48 ಕೆಜಿ. ಗೋವಾಕ್ಕೆ ಹೋಗೋ ಮೊದಲು ತೂಗಿಸಿದ್ದು ಅಂದರೆ ಟ್ಯಾಂಕ್ ಖಾಲಿ ಇಟ್ಕೊಂಡೇ ಹೊರಟಿರ್ತೀರಿ. ನಾವು ಎಲ್ಲರೂ ಮಾಡೋದು ಹಾಗೆ. ಕಾಲು ಟ್ಯಾಂಕ್ ಅಂತ ಹಿಡಿಯೋಣ, 12 ಕೆಜಿ. ವ್ಯತ್ಯಾಸ 36. ನೀವು ಹುಡುಕ್ತಿರೋ 45ರಲ್ಲಿ 36 ಪೋಳೆಂ ಬಂಕಿನಿಂದ ಬಂದಿದ್ದು.

ಎಂಟುನೂರು_ಶಿರಸಿ
😂😂 ಗೋವಾ ಪೆಟ್ರೋಲ್ ತುಂಬ ಭಾರ ಅಂತ ಕಾಣ್ತದೆ.

ಲೋಡ್‌ಸೆಲ್_ಅಂಕೋಲಾ
ಇನ್ನೂ 9 ಕೆಜಿ ಉಳೀತಲ್ಲ? ಅದಕ್ಕೆ ಏನಂತೀರಿ? ಕಾಟಾನೇ.

ಹೊನ್ನಾವರ_ಟಾಪ್‌ಡೌನ್
ಆ 9 ಕೆಜಿಯ ಸುಳಿವು ರೈಡರೇ ಕೊಟ್ಟಿದ್ದಾರೆ, ಯಾರೂ ಗಮನಿಸಲಿಲ್ಲ. ಗಾಜಿನ ಒಳಗೆ ಮಂಜು. ಗಾಡಿ ಎಲ್ಲಿ ನಿಲ್ಲಿಸ್ತೀರಿ? ಮರದ ಕೆಳಗಾ?

ಕೋಡಿಬಾಗ_ರೈಡರ್
ಮಾವಿನ ಮರ. ಕವರ್ ಹಾಕ್ತೇನೆ. ಮರ ಕಡಿಯೋಕೆ ಅಮ್ಮ ಬಿಡಲ್ಲ.

ಹೊನ್ನಾವರ_ಟಾಪ್‌ಡೌನ್
ಮರ ಇರಲಿ. ಬಟ್ಟೆಯ ಟಾಪ್ ಮಡಚಿ ಕೂರೋ ಜಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ನೀರು ಹೋಗೋ ತೂತು ಇದೆ. ಎಲೆ, ಹೂವಿನ ಪುಡಿ, ಧೂಳು ಸೇರಿ ಅಲ್ಲಿ ಗಸಿ ಕಟ್ಟುತ್ತೆ. ತೂತು ಮುಚ್ಚಿದರೆ ಮಳೆ ನೀರು ಕಾರಿನ ಒಳಗೆ ಇಳಿಯುತ್ತೆ. ಮೇಲಿಂದ ಕಾರ್ಪೆಟ್ ಒಣಗಿದ ಹಾಗೆ ಕಂಡರೂ ಅದರ ಅಡಿ ದಪ್ಪ ಫೋಮ್ ಇದೆ, ಅದು ನೀರು ಕುಡಿದು ಕೂತಿರುತ್ತೆ. ನಮ್ಮ ಕರಾವಳಿಯ ಮಳೆಗೆ ಎಂಟು ಹತ್ತು ಲೀಟರ್ ದೊಡ್ಡ ಮಾತಲ್ಲ, ಅಂದರೆ ಅಷ್ಟೇ ಕೆಜಿ. ಸೀಟಿನ ಹಿಂದಿನ ಮೂಲೆಯಲ್ಲಿ ಹೆಬ್ಬೆರಳಿಂದ ಜೋರಾಗಿ ಒತ್ತಿ ನೋಡಿ. ಬೆರಳ ಸುತ್ತ ನೀರು ಮೇಲೆ ಬಂದರೆ ಮುಗೀತು.

ತಡ ಮಾಡಬೇಡಿ. ಸೀಟಿನ ಕೆಳಗೆ ಅಲಾರಂ, ಇಮೊಬಿಲೈಸರ್ (ಕಳ್ಳತನ ತಡೆಯೋ ಲಾಕ್) ಕಂಟ್ರೋಲ್ ಬಾಕ್ಸ್ ಇರುತ್ತೆ. ಅದಕ್ಕೆ ನೀರು ಹೋದರೆ ಗಾಡಿ ಸ್ಟಾರ್ಟೇ ಆಗಲ್ಲ. ಆಗ ತೂಕದ ಚಿಂತೆ ತಾನಾಗೇ ಹೋಗುತ್ತೆ.

ತೂತಿಗೆ ಕಂಪ್ರೆಸರ್ ಗಾಳಿ ಹೊಡೀಬೇಡಿ, ಒಳಗಿನ ಪೈಪ್ ಕಳಚಿಕೊಂಡರೆ ಇನ್ನೂ ಕಷ್ಟ. ಟಾಪ್ ಅರ್ಧ ತೆಗೆದು ನಿಲ್ಲಿಸಿ, ಮೆತ್ತಗಿನ ಏನಾದರೂ ಉದ್ದದ ದಾರ ಇಳಿಸಿ.

ಎಂಟುನೂರು_ಶಿರಸಿ
ಅದಕ್ಕೆ ತೋಟದಲ್ಲಿ ಕಳೆ ಹೊಡೆಯೋ ಮಷೀನಿನ ನೈಲಾನ್ ದಾರ ಸರಿ. ಗಟ್ಟಿಯೂ ಇರುತ್ತೆ, ಬಳುಕುತ್ತೆ. ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡ್ಕೊಳ್ಳಿ, ಪೈಪ್ ಗೀರಲ್ಲ. ನಮ್ಮಲ್ಲಿ ರಾಶಿ ಇದೆ, ಬೇಕಾದ್ರೆ ಬಸ್ಸಿಗೆ ಹಾಕಿ ಕಳಿಸ್ತೇನೆ.

ನಿಯಮ_ಕುಮಟಾ
ಇದೊಂದು ಒಳ್ಳೆ ಮಾತು ಹೇಳಿದ್ರಿ.

ಸದಾಶಿವಗಡ_66
ತೂಕದ ಹುಚ್ಚು ಇದ್ದವರಿಗೆ ಒಂದು ಮಾತು. ಪೋರ್ಷೆಯವರೇ ಈ ಕೆಲಸ ಮಾಡಿ ತೋರಿಸಿದ್ದಾರೆ, 2010ರ ಬಾಕ್ಸ್‌ಸ್ಟರ್ ಸ್ಪೈಡರ್. 1275 ಕೆಜಿ, ಬಾಕ್ಸ್‌ಸ್ಟರ್ ಎಸ್‌ಗಿಂತ 80 ಕೆಜಿ ಕಮ್ಮಿ. ಅಲ್ಯೂಮಿನಿಯಂ ಬಾಗಿಲಿಂದ 15, ಕೈಯಲ್ಲಿ ಕಟ್ಟೋ ತೆಳು ಟಾಪ್‌ನಿಂದ 21. ಒಳಗಡೆ ಬಾಗಿಲ ಹಿಡಿಕೆ ಬದಲು ಬಟ್ಟೆಯ ಪಟ್ಟಿ. ಎಸಿ, ರೇಡಿಯೋ ಬೇಕಾದ್ರೆ ಮಾತ್ರ. ಅದೇ ಕಾಲಕ್ಕೆ ಅವರು ಲಿಥಿಯಂ ಬ್ಯಾಟರಿಯನ್ನೂ ಕೊಡೋಕೆ ಶುರು ಮಾಡಿದ್ರು, 6 ಕೆಜಿ, ಸೀಸದ ಬ್ಯಾಟರಿಗಿಂತ 10 ಕಮ್ಮಿ. ರೈಡರ್ ಹಾಕಿಸಿದ್ದೂ ಅದೇ ಲೆಕ್ಕ. ಅಷ್ಟು ಎಂಜಿನಿಯರ್‌ಗಳು ಕೂತು 80 ಇಳಿಸಿದಲ್ಲಿ ನೀವು ಮಡಗಾಂವ್ ಗ್ಯಾರೇಜಿನಲ್ಲಿ 55 ಇಳಿಸಿದ್ದೀರಿ. ಬೇಜಾರು ಯಾಕೆ?

ಎಂಟುನೂರು_ಶಿರಸಿ
ಕಾರವಾರದಲ್ಲಿ ಎಸಿ ಇಲ್ಲದ ಕಾರು? ಏಪ್ರಿಲ್‌ನಲ್ಲಿ ಬೆವರೇ ಎರಡು ಕೆಜಿ ಇಳಿಸುತ್ತೆ.

ಸದಾಶಿವಗಡ_66
ಎಸಿ ತೆಗೀರಿ ಅಂತ ನಾನೆಲ್ಲಿ ಹೇಳಿದೆ? ಮಂಜು ಹೋಗೋಕೂ ಅದೇ ಬೇಕು.

ಕೋಡಿಬಾಗ_ರೈಡರ್
ಒತ್ತಿದೆ. ಎಡಗಡೆ ಹಿಂದಿನ ಮೂಲೆಯಲ್ಲಿ ಬೆರಳು ಅರ್ಧ ಮುಳುಗಿತು. ಕಾರ್ಪೆಟ್ ಎತ್ತಿದರೆ ಫೋಮ್ ಕಪ್ಪಗಾಗಿದೆ, ಹಿಂಡಿದರೆ ಚಹಾ ಬಣ್ಣದ ನೀರು. ಬಕೆಟ್ ಅರ್ಧಕ್ಕಿಂತ ಜಾಸ್ತಿ ತುಂಬಿತು. ಎಡಗಡೆ ತೂತಿನಲ್ಲಿ ಮಾವಿನ ಎಲೆಯ ತೊಟ್ಟು ಅಡ್ಡ ಸಿಕ್ಕಿ ಅದರ ಮೇಲೆ ಕೆಸರು ಕೂತಿತ್ತು. ಕಂಟ್ರೋಲ್ ಬಾಕ್ಸ್ ಒಣಗಿದೆ, ದೇವರ ದಯೆ. ಫೋಮ್ ಫ್ಯಾನಿನ ಕೆಳಗೆ ಹಾಕಿದ್ದೇನೆ, ಈ ಹವೆಯಲ್ಲಿ ಒಣಗೋದು ಯಾವಾಗಲೋ.

ಕೋಡಿಬಾಗ_ರೈಡರ್
ಅಪ್‌ಡೇಟ್. ಫೋಮ್ ಒಣಗಿಸಿ ವಾಪಸ್ ಹಾಕಿದೆ, ಟ್ಯಾಂಕ್ ಮುಳ್ಳು ಕಾಲಿಗೆ ಇಳಿಯೋ ತನಕ ಓಡಿಸಿ ತೂಗಿಸಿದೆ. ಚೀಟಿ: 1240.

ಲೋಡ್‌ಸೆಲ್_ಅಂಕೋಲಾ
1290ರಲ್ಲಿ 55 ಕಳೆದರೆ 1235. ಚೀಟಿಯಲ್ಲಿ 1240. ಆ 5 ಕೆಜಿ ನಾನು ಮೊದಲ ದಿನ ಹೇಳಿದ ಮೆಟ್ಟಿಲಿನದು. ಎಲ್ಲರೂ ಗಮನಿಸಿ.

ಹೊನ್ನಾವರ_ಟಾಪ್‌ಡೌನ್
ಗಮನಿಸಿದೆವು ಅಣ್ಣ.

ರೈಡರ್, ಇನ್ನು ಮುಂದೆ ಚೀಟಿಯ ಹಿಂದೆ ಟ್ಯಾಂಕ್ ಎಷ್ಟು ಅಂತಲೂ ಬರೆದಿಡಿ. ಇನ್ನೂ ಇಳಿಸೋದಿದ್ರೆ ವೀಲ್ ನೋಡಿ. ಸ್ಪ್ರಿಂಗ್ ಕೆಳಗಿನ ತೂಕ ಅದು, ತಿರುಗೋ ತೂಕವೂ ಹೌದು. ಅಲ್ಲಿ ನಾಲ್ಕಕ್ಕೆ 8 ಕೆಜಿ ಇಳಿದರೂ ನಮ್ಮ ರಸ್ತೆಯ ಗುಂಡಿಯಲ್ಲಿ ಟೈರ್ ನೆಲ ಬಿಡೋದು ಕಮ್ಮಿಯಾಗುತ್ತೆ. ಆಂಪ್ಲಿಫೈಯರ್‌ನ 8 ಕೆಜಿಗಿಂತ ಅದು ಎಷ್ಟೋ ಮೇಲು. ಆದರೆ ಅಗ್ಗದ ನಕಲಿ ಅಲಾಯ್ ಬೇಡ, ಅದೇ ಗುಂಡಿಗೆ ಬಿರುಕು ಬಿಡುತ್ತೆ.

ಕೋಡಿಬಾಗ_ರೈಡರ್
ವೀಲ್ ಮುಂದಿನ ವರ್ಷ ನೋಡೋಣ. ಅಂದಹಾಗೆ ಸೀಟು ಬದಲಿಸಿದಾಗಿನಿಂದ ಏರ್‌ಬ್ಯಾಗ್ ಲೈಟ್ ಉರೀತಾ ಇದೆ. ಗ್ಯಾರೇಜಿನವನು ಒಂದು ರೆಸಿಸ್ಟರ್ ಹಾಕಿದರೆ ಹೋಗುತ್ತೆ ಅಂತಾನೆ. ಹಾಕಿಸಲಾ?

ನಿಯಮ_ಕುಮಟಾ
ಇದನ್ನ ಮೊದಲ ಪೋಸ್ಟಿನಲ್ಲೇ ಹೇಳಬೇಕಿತ್ತಲ್ಲ!

ಹೊನ್ನಾವರ_ಟಾಪ್‌ಡೌನ್
ಹಳೇ ಸೀಟಿನ ಪಕ್ಕದಲ್ಲಿ ಸೈಡ್ ಏರ್‌ಬ್ಯಾಗ್ ಇತ್ತು. ಅದು ಸೀಟಿನ ಜೊತೆ ಹೋಯ್ತು. ರೆಸಿಸ್ಟರ್ ಹಾಕಿದರೆ ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬುತ್ತೆ, ಲೈಟ್ ಆರುತ್ತೆ, ಬ್ಯಾಗ್ ವಾಪಸ್ ಬರಲ್ಲ. ಲೈಟ್ ಉರೀತಾ ಇದ್ದರೆ ಉಳಿದ ಏರ್‌ಬ್ಯಾಗ್‌ಗಳನ್ನೂ ನಂಬೋ ಹಾಗಿಲ್ಲ. ಹಾಗಾಗಿ ದಿನಾ ಓಡಿಸೋ ಗಾಡಿಗೆ ನಾನಾದರೆ ಹಳೇ ಸೀಟನ್ನೇ ಹಾಕ್ತೇನೆ, 22 ಕೆಜಿ ಹೋದರೆ ಹೋಗಲಿ. ಏನೇ ಮಾಡಿದರೂ ಸೀಟಿನ ಹಳದಿ ವೈರ್ ಮುಟ್ಟೋ ಮೊದಲು ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಡಿ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಎಂಟುನೂರು_ಶಿರಸಿ
ಅಕಸ್ಮಾತ್ ಹಳೇ ಸೀಟು ಮಾರೋದಿದ್ದರೆ ಹೇಳಿ ಮಾರಾಯ್ರೆ. 800ಕ್ಕೆ ಕೂರುತ್ತಾ ಅಂತ ಅಳತೆ ತೆಗೀಬೇಕು.